ಡೀಸೆಲ್ ಕಾರ್ಡಿನ ರೋಜಕ್ಕ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ ಊರು ಮುಗಿಯುತ್ತಿದ್ದಂತೆ ಎಡಕ್ಕೊಂದು ತಗಡಿನ ಶೆಡ್ಡು ಸಿಗುತ್ತದೆ. ಬೆಳಿಗ್ಗೆ ಐದೂವರೆಗೆ ಅಲ್ಲಿ ಮೊದಲು ಕೇಳುವುದು ರೋಜಕ್ಕನ ಕೆಮ್ಮು. ಆಮೇಲೆ ಸಾಲಾಗಿ ನಿಂತ ಸರಕು ಗಾಡಿಗಳು ಒಂದೊಂದಾಗಿ ಕೆಮ್ಮಿಕೊಂಡು ಎಚ್ಚರಾಗುತ್ತವೆ. ಸೀರೆಯ ಮೇಲೆ ಗಂಡನ ಹಳೇ ಸ್ವೆಟರು, ತಲೆಗೆ ಸುತ್ತಿದ ಟವೆಲು, ಕೈಯಲ್ಲಿ ಮೊಬೈಲು, ಕಂಕುಳಲ್ಲಿ ಬಿಸ್ಕತ್ತಿನ ತಗಡಿನ ಡಬ್ಬ. ಬಿಸ್ಕತ್ತಿನ ಆಸೆಗೆ ಕೈ ಹಾಕಿದ ಹೊಸಬರಿಗೆ ಅದರಲ್ಲಿ ಸಿಗುವುದು ಬರೀ ಪ್ಲಾಸ್ಟಿಕ್ ಕಾರ್ಡುಗಳು.

ರೋಜಕ್ಕ ಒಂದೊಂದೇ ಗಾಡಿಯ ಬಾಗಿಲು ತೆಗೆದು ಡೀಸೆಲ್ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡುತ್ತಾರೆ. ಕಿಲೋಮೀಟರಿನ ಅಂಕಿಯನ್ನು ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾರೆ. ಅಷ್ಟಾದ ಮೇಲೆ ಡಬ್ಬದ ಮುಚ್ಚಳ ತೆರೆದು ಆ ಗಾಡಿಯ ಕಾರ್ಡನ್ನು ಡ್ರೈವರ್ ಕೈಗೆ ಕೊಡುತ್ತಾರೆ. ಕೊಡುವಾಗ ನಾಲ್ಕು ಮಾತು ಆಡದೆ ಕೊಟ್ಟ ದಿನವಿಲ್ಲ.

"ಯಾವ್ ಲೈನ್ಲಾ ಇವತ್ತು?"

"ಯಳಂದೂರು ಕನಕ್ಕ," ಎನ್ನುತ್ತಾರೆ ಟೀ ಲೋಟ ಹಿಡಿದು ನಿಂತ ಡ್ರೈವರ್ ಶಾಂತರಾಜು.

"ಕಾರ್ಡ್ ಎಲ್ ಮಡಿಕತೀಯೆ?"

"ಇಲ್ಲೇ, ಎದೆ ಮ್ಯಾಲೆ."

"ಸೆಕೆ ಅಂತ ಓಟ್ಲಲ್ಲಿ ಅಂಗಿ ಬಿಚ್ಚಾಕ್ಬುಟ್ಟೀಯೆ ಮತ್ತೆ."

ಶಾಂತರಾಜು ನಗುತ್ತಾ ಒಳಜೇಬನ್ನು ತಟ್ಟಿ ತೋರಿಸುತ್ತಾರೆ. ಮುಂದಿನ ಗಾಡಿಗೆ ಮತ್ತೆ ಅವೇ ಪ್ರಶ್ನೆಗಳು. ಇಪ್ಪತ್ತಕ್ಕೂ ಹೆಚ್ಚು ಗಾಡಿಗಳು ಹೊರಡುವ ಹೊತ್ತಿಗೆ ಬಿಸಿಲು ಶೆಡ್ಡಿನ ಒಳಕ್ಕೆ ಬಂದಿರುತ್ತದೆ, ರೋಜಕ್ಕನ ಟೀ ಆರಿ ತಣ್ಣಗಾಗಿರುತ್ತದೆ.

ಇದು ಹಳ್ಳಿ ಅಂಗಡಿಗಳಿಗೆ ಸೋಪು, ಎಣ್ಣೆ, ಬೆಂಕಿಪೊಟ್ಟಣ, ಬಿಸ್ಕತ್ತು ತಲುಪಿಸುವ ಕಂಪನಿ. ಮಾಲೀಕರು ವೃಷಭೇಂದ್ರಪ್ಪ. ಇವರ ಗಾಡಿಗಳು ಯಳಂದೂರಿನ ಗದ್ದೆ ಬಯಲಿನಿಂದ ಹಿಡಿದು ರಾಮಾಪುರದ ಕಾಡಂಚಿನವರೆಗೂ, ಬೆಟ್ಟ ದಾಟಿ ಗೋಪಿನಾಥಂವರೆಗೂ ಹೋಗುತ್ತವೆ. ಡೀಸೆಲಿಗೆಂದು ಡ್ರೈವರ್ ಕೈಗೆ ದುಡ್ಡು ಕೊಡುವ ಕಾಲ ಹೋಯಿತು. ಈಗ ಗಾಡಿಗೊಂದು ಕಾರ್ಡು. ಬಂಕಿನಲ್ಲಿ ಕಾರ್ಡು ಉಜ್ಜಿ ನಾಲ್ಕು ಅಂಕಿಯ ಗುಟ್ಟಿನ ನಂಬರು ಒತ್ತಿದರೆ ಟ್ಯಾಂಕು ತುಂಬುತ್ತದೆ, ಲೆಕ್ಕ ನೇರವಾಗಿ ಕಂಪನಿಗೆ ಬರುತ್ತದೆ. ಕಾರ್ಡು ಬಂದರೆ ಕಳ್ಳತನ ನಿಲ್ಲುತ್ತದೆ ಎಂದು ಅಂದುಕೊಂಡವರೇ ಎಲ್ಲ. ಕಳ್ಳತನ ನಿಲ್ಲಲಿಲ್ಲ, ವೇಷ ಬದಲಾಯಿಸಿತು ಅಷ್ಟೆ. ಬಂಕಿನ ಹುಡುಗನ ಜೊತೆ ಒಳಒಪ್ಪಂದ ಮಾಡಿಕೊಂಡು ಹಾಕದ ಡೀಸೆಲಿಗೂ ಕಾರ್ಡು ಉಜ್ಜಬಹುದು. ಗಾಡಿಯ ಪಕ್ಕದಲ್ಲೇ ನೆಂಟರ ಟ್ರ್ಯಾಕ್ಟರು ನಿಲ್ಲಿಸಿಕೊಂಡು ಪೈಪನ್ನು ಅತ್ತ ತಿರುಗಿಸಬಹುದು. ಇವನ್ನೆಲ್ಲ ತಡೆಯುವುದು ರೋಜಕ್ಕನ ಕೆಲಸ.

ನಲವತ್ತಾರರ ರೋಜಾ ಹುಟ್ಟಿದ್ದೂ ಸೇರಿದ್ದೂ ಕೊಳ್ಳೇಗಾಲದ ನೇಕಾರರ ಮನೆಗಳಲ್ಲೇ. ಎಸ್ಸೆಸ್ಸೆಲ್ಸಿ ಮುಗಿಸಿ ಮಗ್ಗಕ್ಕೆ ಕೂತವರು ಬೆನ್ನುನೋವು ತಾಳದೆ ಎದ್ದರು. ಈ ಶೆಡ್ಡಿಗೆ ಬಂದದ್ದು ಕಸ ಗುಡಿಸಿ ಟೀ ಕಾಯಿಸುವುದಕ್ಕೆ. ಕಾರ್ಡು ನೋಡಿಕೊಳ್ಳಲು ಆಫೀಸಿಗೆ ಸೇರಿದ ಹುಡುಗರು ಒಬ್ಬರಾದ ಮೇಲೆ ಒಬ್ಬರು ಬಿಟ್ಟು ಹೋದರು. ಬೆಳಗಿನ ಐದೂವರೆಗೆ ಬರಲು ಯಾರಿಗೆ ತಾನೇ ಇಷ್ಟ? ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವವರು ಇವರೇ ಎಂದು ಮಾಲೀಕರು ಒಂದು ದಿನ ಕಾರ್ಡುಗಳ ಲೆಕ್ಕವನ್ನೂ ಇವರ ಕೈಗೇ ಕೊಟ್ಟರು. ಪೊರಕೆ ಮಾತ್ರ ವಾಪಸ್ ಇಸಿದುಕೊಳ್ಳಲಿಲ್ಲ. ಎರಡನ್ನೂ ಇಂದಿಗೂ ಅವರೇ ನೋಡಿಕೊಳ್ಳುತ್ತಾರೆ.

ಯಾವ ಬಂಕಿನಲ್ಲಿ ಕಾರ್ಡು ಉಜ್ಜಿದರೂ ರೋಜಕ್ಕನ ಮೊಬೈಲಿಗೆ ಮೆಸೇಜು ಬರುತ್ತದೆ. ಮೆಸೇಜು ಸರಿ ಕಾಣದಿದ್ದರೆ ಡ್ರೈವರಿಗೆ ಫೋನು ಹೋಗುತ್ತದೆ. ಡೀಸೆಲ್ ವಿಚಾರ ಎತ್ತುವುದೇ ಇಲ್ಲ. "ಊಟ ಆಯ್ತಾ? ಎಲ್ಲಿದ್ದೀಯೆ?" ಇಷ್ಟೇ. ಒಮ್ಮೆ ಬಿತ್ತನೆ ಕಾಲದಲ್ಲಿ ಶಾಂತರಾಜುವಿಗೆ ಹೀಗೆ ಫೋನು ಹೋಗಿತ್ತು. ಆ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. "ಗಾಡಿ ಸದ್ದು ದಪ್ಪ ಆಗದಲ್ಲ, ಯಾರ್ದ್ಲಾ ಅದು?" ಎಂದು ಕೇಳಿ ರೋಜಕ್ಕ ಫೋನ್ ಇಟ್ಟುಬಿಟ್ಟರು. ಸಂಜೆ ಶಾಂತರಾಜು ತಾನೇ ಬಂದು, ಭಾವನ ಟ್ರ್ಯಾಕ್ಟರಿಗೆ ಹಾಕಿದ ಡೀಸೆಲಿನ ದುಡ್ಡು ಕಟ್ಟಿದರು.

"ಬೈದಿದ್ರೆ ಬೈಸ್ಕಂಡು ಮರ್ತ್ಬುಡ್ತಿದ್ದಿ ಸಾ," ಎಂದು ಶಾಂತರಾಜು ಈಗ ನಗುತ್ತಾರೆ. "ಬೈನಿಲ್ಲ. ಟೀ ಕೊಟ್ರು. ಅದ ಕುಡಿಯಾದೇ ಕಷ್ಟ ಆಗೋಯ್ತು."

ಯಾಕೆ ಬೈಯುವುದಿಲ್ಲ ಎಂದು ರೋಜಕ್ಕನನ್ನು ಕೇಳಿದರೆ ಅವರ ಉತ್ತರ ಹೀಗಿದೆ: "ತಪ್ಪು ಮಾಡ್ದೋನ್ಗೆ ತಪ್ಪು ಅಂತ ಗೊತ್ತಿರ್ತದೆ ಸಾ. ನಾಕ್ ಜನದ್ ಮುಂದೆ ಕಳ್ಳ ಅಂದ್ಬುಟ್ರೆ, ಆಮೇಲೆ ಅವ್ನು ನಾಚ್ಕೆನೇ ಬುಟ್ಬುಡ್ತಾನೆ. ನಾಚ್ಕೆ ಬುಟ್ಟೋನ್ನ ನಾನ್ ಯಾವ್ ಮೆಸೇಜ್ ನೋಡಿ ಇಡ್ಕಳ್ಲಿ?"

ಇಷ್ಟೇ ಆಗಿದ್ದರೆ ಇವರ ಕತೆಯನ್ನು ಇಷ್ಟು ಉದ್ದಕ್ಕೆ ಹೇಳಬೇಕಾಗಿರಲಿಲ್ಲ. ಹೋದ ವರ್ಷ ಆಷಾಢದಲ್ಲಿ ನಡೆದದ್ದನ್ನು ಹೇಳಲೇಬೇಕು. ದೊಡ್ಡಮಾದಯ್ಯ ಎಂಬ ಡ್ರೈವರಿನ ಅನ್ನ ಅಂದು ತೂಗುಯ್ಯಾಲೆಯಲ್ಲಿತ್ತು. ಅನ್ನಕ್ಕಿಂತ ಹೆಚ್ಚಾಗಿ, ಅವರ ಹೆಸರು.

ದೊಡ್ಡಮಾದಯ್ಯ ರಾಮಾಪುರದ ಹತ್ತಿರದವರು, ಕಂಪನಿಯ ಎಲ್ಲರಿಗಿಂತ ಹಳೇ ಡ್ರೈವರು. ವಯಸ್ಸಿನಲ್ಲಿ ರೋಜಕ್ಕನಿಗಿಂತ ದೊಡ್ಡವರಾದರೂ ಶೆಡ್ಡಿನ ರೂಢಿಯಂತೆ ಅವರೂ 'ಅಕ್ಕ' ಎಂದೇ ಕರೆಯುತ್ತಾರೆ, ಇವರು ತಿರುಗಿ 'ಅಣ್ಣ' ಎನ್ನುತ್ತಾರೆ. ಗೋಪಿನಾಥಂ ಲೈನು ಎಂದರೆ ಬೇರೆಯವರು ಮುಖ ಹುಳ್ಳಗೆ ಮಾಡುತ್ತಾರೆ. ಕಾಡು ದಾರಿ, ಫೋನು ಸಿಗದ ಊರು, ಗಾಡಿ ಕೆಟ್ಟರೆ ಅಲ್ಲೇ ಮಲಗಬೇಕು. ಅದನ್ನು ಕೇಳಿ ಪಡೆದವರು ದೊಡ್ಡಮಾದಯ್ಯ. ಕಾರ್ಡುಗಳು ಆಗ ಡ್ರೈವರುಗಳ ಹತ್ತಿರವೇ ಇರುತ್ತಿದ್ದವು. ಸಂಜೆ ವಾಪಸ್ ಕೊಡುವ ಪದ್ಧತಿ ಇನ್ನೂ ಬಂದಿರಲಿಲ್ಲ.

ಅವರು ಗೋಪಿನಾಥಂಗೆ ಹೋದ ದಿನ ಮಧ್ಯಾಹ್ನ ರೋಜಕ್ಕನ ಮೊಬೈಲಿಗೆ ಒಂದು ಮೆಸೇಜು ಬಂತು. ದೊಡ್ಡಮಾದಯ್ಯನ ಕಾರ್ಡಿಗೆ ಯಳಂದೂರು ಕಡೆಯ ಬಂಕೊಂದರಲ್ಲಿ ಡೀಸೆಲ್ ಹಾಕಿಸಲಾಗಿತ್ತು. ಗಾಡಿ ಹೋಗಿರುವುದು ಮೂಡಲಿಗೆ, ಡೀಸೆಲ್ ಬಿದ್ದಿರುವುದು ಪಡುವಲಲ್ಲಿ. ಫೋನು ಹಚ್ಚಿದರೆ ಸಿಗಲಿಲ್ಲ. ಮಾರನೇ ದಿನ ಅದೇ ಬಂಕು, ಅದೇ ಕಾರ್ಡು, ಮತ್ತೊಂದು ಮೆಸೇಜು. ರೋಜಕ್ಕ ಕೂಡಲೇ ಮಾಲೀಕರಿಗೆ ಹೇಳಿ ಕಾರ್ಡನ್ನು ಬಂದ್ ಮಾಡಿಸಿದರು. ಸಂಜೆ ಗಾಡಿ ಬಂದು ನಿಂತಾಗ ದೊಡ್ಡಮಾದಯ್ಯನ ಮುಖದಲ್ಲಿ ರಕ್ತವೇ ಇರಲಿಲ್ಲ.

ನಡೆದದ್ದು ಇಷ್ಟು. ಹೊರಡುವ ಹಿಂದಿನ ಸಂಜೆಯೇ ಕಾರ್ಡು ಕಳೆದುಹೋಗಿದೆ. ದಾರಿಯಲ್ಲಿ ಜೇಬು ಮುಟ್ಟಿ ನೋಡಿಕೊಂಡಾಗ ಅದು ಇಲ್ಲ. ಹೇಳಿದರೆ ಎಲ್ಲಿ ಬೈಯುತ್ತಾರೋ ಎಂದು ಈ ಮನುಷ್ಯ ಸುಮ್ಮನಿದ್ದು, ಕೈಯಿಂದ ದುಡ್ಡು ಹಾಕಿ ಡೀಸೆಲ್ ತುಂಬಿಸಿಕೊಂಡು, ಎರಡು ದಿನವೂ ಸೀಟಿನ ಕೆಳಗೆ ತಡಕಾಡಿದ್ದಾರೆ. ಸಿಕ್ಕೇ ಸಿಗುತ್ತದೆ ಎಂಬ ಆಸೆ. ಆ ಸುಮ್ಮನಿದ್ದದ್ದೇ ಕುತ್ತಿಗೆಗೆ ಬಂತು.

ವೃಷಭೇಂದ್ರಪ್ಪ ಕೆಟ್ಟವರಲ್ಲ. ಕೂಗಾಡಲೂ ಇಲ್ಲ. "ಕಾರ್ಡು ಕಳೆಯೋದು ಯಾರಿಗಾದ್ರೂ ಆಗುತ್ತೆ ರೋಜಮ್ಮ," ಎಂದರು. "ನಂಬರು? ಅದು ಇವನ ತಲೇಲಿ ತಾನೆ ಇರೋದು? ಮೂರು ಸಲ ತಪ್ಪು ಒತ್ತಿದ್ರೆ ಕಾರ್ಡ್ ಲಾಕ್ ಆಗುತ್ತೆ. ಇಲ್ಲಿ ಮೊದಲ್ನೇ ಸಲಾನೇ ಸರಿ ಒತ್ತವ್ರೆ. ಇವನು ಹೇಳದೆ ಇನ್ನೊಬ್ಬನಿಗೆ ಹೆಂಗೆ ಗೊತ್ತಾಯ್ತು?"

ದೊಡ್ಡಮಾದಯ್ಯನೇ ನಂಬರು ಹೇಳಿಕೊಟ್ಟಿದ್ದಾರೆ ಎಂದು ಮಾಲೀಕರು ತೀರ್ಮಾನಿಸಿದರು. ಸೋಮವಾರ ಲೆಕ್ಕ ಮುಗಿಸಿ ಕಳಿಸುವುದು ಎಂದಾಯಿತು. ಬಂಕಿನಲ್ಲಿ ಕ್ಯಾಮೆರಾ ಇತ್ತು, ಆದರೆ ಅದನ್ನು ನೋಡಲು ಯಾರೂ ಹೋಗಲಿಲ್ಲ. ಕಳ್ಳ ಸಿಕ್ಕಾಯಿತು ಎಂದುಕೊಂಡ ಮೇಲೆ ಹುಡುಕುವವರು ಯಾರು?

ರೋಜಕ್ಕನಿಗೆ ಅನ್ನ ಸೇರಲಿಲ್ಲ. ಅದಕ್ಕೆ ಕಾರಣ ಮನೆಯಲ್ಲೇ ಇತ್ತು. ಅವರ ಗಂಡ ನಿರಂಜನ್ ಹಿಂದೊಮ್ಮೆ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರ ವ್ಯಾನು ಓಡಿಸುತ್ತಿದ್ದರು. ಡೀಸೆಲ್ ಕದಿಯುತ್ತಾನೆ ಎಂದು ಯಾರೋ ಚುಚ್ಚಿಕೊಟ್ಟರು, ವಿಚಾರಿಸದೆ ಕೆಲಸದಿಂದ ತೆಗೆದರು. ಆಮೇಲೆ ಎಲ್ಲಿ ಕೇಳಿದರೂ 'ಓ, ಡೀಸೆಲ್ ಗಿರಾಕಿಯಾ' ಎಂಬ ಮಾತು. ಯಾರೂ ಸ್ಟೇರಿಂಗ್ ಕೊಡಲಿಲ್ಲ. ಬಿಟ್ಟು ಬಂದ ಮಗ್ಗಕ್ಕೇ ವಾಪಸ್ ಕೂತರು. "ಬೀದೀಲಿ ದೊಡ್ ಗಾಡಿ ಓದ್ರೆ ಇವತ್ಗೂ ಇವ್ರ ಲಾಳಿ ನಿಂತೋಯ್ತದೆ ಸಾ," ಎನ್ನುತ್ತಾರೆ ರೋಜಕ್ಕ. "ಗಾಡಿ ದೂರ ಓದ್ಮೇಲೆ ಮತ್ತೆ ಸುರು ಆಯ್ತದೆ. ನಾನ್ ಅಡ್ಗೆಮನೇಲಿ ಕೇಳುಸ್ಕತಾ ನಿಂತಿರ್ತೀನಿ. ಇನ್ನೊಂದ್ ಮನೇಲಿ ಅಂಗಾಗ್ಬಾರ್ದು ಅನ್ನುಸ್ತು."

ಭಾನುವಾರ ದೊಡ್ಡಮಾದಯ್ಯ ಅವರ ಮನೆಗೆ ಬಂದರು. ಮಗ್ಗದ ಪಕ್ಕದ ಗೋಡೆಗೆ ಒರಗಿ ಕುಕ್ಕುರುಗಾಲಲ್ಲಿ ಕೂತರು. ಕೊಟ್ಟ ಟೀ ಮುಟ್ಟಲಿಲ್ಲ. "ಕೆಲ್ಸ ಓದ್ರೆ ಓಗ್ಲಿ ಕನಕ್ಕ," ಎಂದರು. "ಕಳ್ಳ ಅನ್ನುಸ್ಕಂಡು ಊರ್ಗೆ ಎಂಗ್ ಓಗ್ಲಿ? ಮಾದಪ್ಪನಾಣೆಗೂ ಆ ನಂಬರ ಯಾರ್ಗೂ ಯೋಳ್ನಿಲ್ಲ. ನನ್ನೆಡ್ತಿಗೂ ಯೋಳ್ನಿಲ್ಲ. ನಂಗೂ ಆ ಎಪ್ಪತ್ತೇಳು ಮಲೆ ಒಡೆಯಂಗೂ ಬುಟ್ರೆ ಅದು ಯಾರ್ಗೂ ಗೊತ್ತಿಲ್ಲ."

ಲೋಟ ಎತ್ತಿಕೊಳ್ಳಲು ಬಗ್ಗಿದ್ದ ರೋಜಕ್ಕ ಹಾಗೇ ನಿಂತರು. ಅವರಿಗೂ ಬ್ಯಾಂಕಿನ ಕಾರ್ಡೊಂದಿದೆ. ಅದಕ್ಕೂ ಒಂದು ಗುಟ್ಟಿನ ನಂಬರಿದೆ. ಅದನ್ನು ಇಟ್ಟುಕೊಳ್ಳುವಾಗ ಅವರಿಗೆ ತೋಚಿದ್ದೂ ಈ ಸೀಮೆಯ ದೇವರು ಮಾದಪ್ಪನ ಎಪ್ಪತ್ತೇಳು ಮಲೆಯೇ; ಎಪ್ಪತ್ತೇಳನ್ನು ಎರಡು ಸಲ ಒತ್ತಿದರೆ ನಾಲ್ಕು ಅಂಕಿ.

"ಅಣ್ಣ," ಎಂದರು ಮೆಲ್ಲಗೆ, "ನಿಂದು ನಾಕೂ ಏಳಾ?"

ದೊಡ್ಡಮಾದಯ್ಯ ಬೆಚ್ಚಿದರು. "ನಿಂಗ್ಯಾರವ್ವ ಯೋಳುದ್ರು?"

"ಯಾರೂ ಯೋಳ್ನಿಲ್ಲ. ನಂದೂ ಅದೇಯ."

ಮಗ್ಗದ ಗುಂಡಿಯೊಳಗಿಂದ ನಿರಂಜನ್ ಧ್ವನಿ ಬಂತು: "ನಂದೂ."

ಹದಿನೆಂಟು ವರ್ಷ ಒಂದೇ ಸೂರಿನಡಿ ಸಂಸಾರ ಮಾಡಿದ ಗಂಡ ಹೆಂಡಿರು ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಬಂದ ಗುಟ್ಟು ಒಂದೇ ಆಗಿತ್ತು. ಆಮೇಲೆ ದೊಡ್ಡಮಾದಯ್ಯ ಟೀ ಕುಡಿದರು.

ಸೋಮವಾರ ಬೆಳಿಗ್ಗೆ ಗಾಡಿಗಳು ಹೊರಡುವ ಮುಂಚೆ ರೋಜಕ್ಕ ಡ್ರೈವರುಗಳನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದರು. ಮಾಲೀಕರಿಗೂ ಬೇಗ ಬನ್ನಿ ಎಂದು ಹೇಳಿಕಳಿಸಿದ್ದರು. ದೊಡ್ಡಮಾದಯ್ಯ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದರು.

"ಯಾರೂ ಬಾಯ್ಬುಟ್ಟು ನಂಬರ್ ಯೋಳ್ಬ್ಯಾಡಿ," ಎಂದರು ರೋಜಕ್ಕ. "ಯಾರ್ ಕಾರ್ಡ್ದು ನಾಕೂ ಏಳು, ಅವ್ರು ಎಡ್ಗಡೆ ಬನ್ನಿ. ಬ್ಯಾರೆ ಇದ್ದೋರು ಬಲ್ಗಡೆ. ಇವತ್ತೇ ಎಲ್ಲಾನೂ ಬದ್ಲಾಯ್ಸ್ಬುಡ್ತೀವಿ, ಎದ್ರುಕಬ್ಯಾಡಿ."

ಯಾರೂ ಕದಲಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಶಾಂತರಾಜು ಕೆಮ್ಮಿ ಎಡಕ್ಕೆ ಸರಿದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಬಸ್ಸಿಗೆ ನುಗ್ಗಿದಂತೆ ಉಳಿದವರು. 'ಲೇ, ನಿಂದೂ ಅದೇನ್ಲಾ' ಎಂಬ ಮಾತು ಅಂಗಳದ ತುಂಬ. ಬಲಗಡೆ ಉಳಿದದ್ದು ಇಬ್ಬರೇ. ಒಬ್ಬರು ಮಗಳು ಹುಟ್ಟಿದ ವರ್ಷ ಇಟ್ಟುಕೊಂಡಿದ್ದರು. ಇನ್ನೊಬ್ಬರಿಗೆ ಅವರ ನಂಬರೇ ನೆನಪಿರಲಿಲ್ಲ, ದಿನವೂ ಕೈ ತಾನಾಗಿ ಒತ್ತುತ್ತಿತ್ತಂತೆ.

ವೃಷಭೇಂದ್ರಪ್ಪ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡಿದರು. ಅಂಗಿಯ ಜೇಬಿನಿಂದ ಫೋನು ತೆಗೆದು, ಅದರ ಲಾಕಿಗೆ ತಾವೇ ಇಟ್ಟುಕೊಂಡಿದ್ದ ನಾಲ್ಕು ಅಂಕಿಯನ್ನು ಒತ್ತಿ ನೋಡಿದರು. ಆಮೇಲೆ ಮೆಟ್ಟಿಲಿಳಿದು, ಅಂಗಳ ದಾಟಿ, ಎಡಗಡೆಯ ಗುಂಪಿನ ತುದಿಗೆ ಹೋಗಿ ನಿಂತುಕೊಂಡರು.

ದೊಡ್ಡಮಾದಯ್ಯ ಹೆಗಲ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತದ್ದನ್ನು ಅಂದು ಅಲ್ಲಿದ್ದವರು ಇಂದಿಗೂ ಹೇಳುತ್ತಾರೆ. ಅಷ್ಟು ವಯಸ್ಸಾದ ಗಂಡಸು ಅಳುವುದನ್ನು ನೋಡಲಾಗದೆ ಅರ್ಧ ಜನ ಗಾಡಿ ಒರೆಸಲು ಹೋದರಂತೆ.

ಅವತ್ತು ಮಧ್ಯಾಹ್ನ ಮಾಲೀಕರೇ ಯಳಂದೂರು ಕಡೆಯ ಆ ಬಂಕಿಗೆ ಹೋಗಿ ಕ್ಯಾಮೆರಾ ನೋಡಿದರು. ಕಾರ್ಡು ಉಜ್ಜಿದವನು ಎರಡು ತಿಂಗಳು ಬದಲಿ ಡ್ರೈವರಾಗಿ ಕೆಲಸ ಮಾಡಿ ಬಿಟ್ಟಿದ್ದವನು. ಬಾಕಿ ಸಂಬಳ ಇಸಿದುಕೊಳ್ಳಲು ಬಂದ ಸಂಜೆ ಶೆಡ್ಡಿನ ನೆಲದಲ್ಲಿ ಕಾರ್ಡು ಸಿಕ್ಕಿತ್ತು, ಎತ್ತಿಕೊಂಡು ಹೋಗಿದ್ದ. ನಂಬರು ಹೇಗೆ ಗೊತ್ತಾಯಿತು ಎಂದು ಹಿಡಿದು ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಇಲ್ಲಿದ್ದಾಗ ನನ್ ಕಾರ್ಡ್ಗೆ ಮಡಿಕಂಡಿದ್ನಲ್ಲ, ಅದ್ನೇ ಒತ್ನೋಡ್ದಿ ಸಾ. ಆಗೋಯ್ತು." ಅವನೂ ಮಾದಪ್ಪನ ಒಕ್ಕಲೇ. ಕದ್ದದ್ದನ್ನು ಕಟ್ಟಿಕೊಟ್ಟ.

ನಂಬರು ಬದಲಾಯಿಸುವುದು ಸುಲಭದ ಕೆಲಸವಾಗಲಿಲ್ಲ. ಕಾರ್ಡಿನಿಂದ ಮಾದಪ್ಪನನ್ನು ಇಳಿಸಿದರೆ ಘಾಟಿಯ ತಿರುವಿನಲ್ಲಿ ಕಾಯುವವರು ಯಾರು ಎಂಬ ಭಯ ಕೆಲವರಿಗೆ. ಅದನ್ನು ಯಾರೂ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ, ರೋಜಕ್ಕನೂ ನಗಲಿಲ್ಲ. ಎಪ್ಪತ್ತೇಳು ಎಂದು ದೊಡ್ಡದಾಗಿ ಬರೆದ ಸ್ಟಿಕ್ಕರುಗಳನ್ನು ಮಾಡಿಸಿ ಎಲ್ಲ ಗಾಡಿಗಳ ಮುಂದಿನ ಗಾಜಿಗೆ ಅಂಟಿಸಿದರು. "ಮಾದಪ್ಪ ಗಾಜಿನ್ ಮ್ಯಾಲೆ ಇರ್ಲಿ, ದಾರಿ ನೋಡ್ತಾ ಕೂತಿರ್ತಾನೆ. ಬಂಕಿನ್ ಮಿಷನ್ನೊಳಗೆ ಅವ್ನಿಗ್ಯಾಕೆ ಕೆಲ್ಸ?" ಎಂದರು. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ದೇವರದ್ದಲ್ಲದ, ಮಕ್ಕಳದ್ದಲ್ಲದ, ಗಾಡಿಯ ಬೋರ್ಡಿನದ್ದಲ್ಲದ ನಂಬರು ಇಡಿಸಿದರು. ಇಡುವಾಗ ತಾವು ಮುಖ ಆ ಕಡೆ ತಿರುಗಿಸಿಕೊಂಡರು. ಸಂಜೆ ಕಾರ್ಡು ಡಬ್ಬಕ್ಕೆ ವಾಪಸ್ ಬರಬೇಕು, ಕಳೆದರೆ ಆ ಗಳಿಗೆಯಲ್ಲೇ ಫೋನು ಮಾಡಬೇಕು, ಮಾಡಿದವರಿಗೆ ಬೈಗುಳವಿಲ್ಲ ಎಂಬುದು ಅಂದಿನಿಂದ ಶೆಡ್ಡಿನ ಕಾನೂನು. ಕೊನೆಯದನ್ನು ಮಾಲೀಕರ ಬಾಯಿಂದಲೇ ಹೇಳಿಸಿದವರು ರೋಜಕ್ಕ.

ಎಲ್ಲ ಸರಿಹೋಯಿತು ಎಂದೇನಲ್ಲ. ಈಗಲೂ ವಾರಕ್ಕೊಂದು ಮೆಸೇಜು ಕೊಂಕಾಗಿ ಬರುತ್ತದೆ. ಬಂಕಿನ ಹುಡುಗರು ಬದಲಾಗುತ್ತಾರೆ, ಹೊಸ ಆಮಿಷ ಹುಟ್ಟುತ್ತದೆ. ಸಂಬಳವೂ ಹೇಳಿಕೊಳ್ಳುವಂಥದ್ದಲ್ಲ. ಡ್ರೈವರುಗಳಲ್ಲಿ ಇವರನ್ನು ಕಂಡರೆ ಆಗದವರೂ ಇದ್ದಾರೆ. 'ಮಾಲೀಕರ ಕಣ್ಣು' ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಅದು ಕಿವಿಗೆ ಬಿದ್ದರೂ ಬೆಳಿಗ್ಗೆ ಅವರಿಗೂ 'ಊಟ ಕಟ್ಕಂಡಾ?' ಎನ್ನುವುದನ್ನು ಬಿಟ್ಟಿಲ್ಲ.

ಸಂಜೆ ಆರೂವರೆ. ಗೋಪಿನಾಥಂ ಗಾಡಿ ಧೂಳು ಹೊದ್ದು ಬಂದು ನಿಲ್ಲುತ್ತದೆ. ದೊಡ್ಡಮಾದಯ್ಯ ಇಳಿದು, ಒಳಜೇಬಿನಿಂದ ಕಾರ್ಡು ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ ರೋಜಕ್ಕನ ಕೈಗೆ ಕೊಡುತ್ತಾರೆ. ರೋಜಕ್ಕ ಅದನ್ನು ನೋಡಿ ಡಬ್ಬಕ್ಕೆ ಹಾಕುತ್ತಾರೆ. ಇಬ್ಬರೂ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಾರೆ. ಮಾತು ಬೆಟ್ಟದ ಮಳೆಯದ್ದು, ದಾರಿಗೆ ಅಡ್ಡ ನಿಂತ ಆನೆಯದ್ದು.

ಬರುವ ವರ್ಷ ಎಲ್ಲ ಟ್ಯಾಂಕುಗಳಿಗೂ ಒಂದು ಯಂತ್ರ ಕೂರಿಸುವ ಮಾತು ನಡೆದಿದೆ. ಎಷ್ಟು ಡೀಸೆಲ್ ಬಿತ್ತು, ಎಷ್ಟು ಖರ್ಚಾಯಿತು ಎಂಬುದನ್ನು ಅದೇ ಆಫೀಸಿಗೆ ತಿಳಿಸುತ್ತದಂತೆ. ಅದು ಬಂದರೆ ನಿಮ್ಮ ಕೆಲಸ ಹೋಗುತ್ತದೆಂಬ ಭಯವಿಲ್ಲವೇ ಎಂದರೆ ರೋಜಕ್ಕ ಲೋಟದ ತಳದ ಗುಟುಕನ್ನು ಮುಗಿಸಿ ಲೋಟ ಕೆಳಗಿಡುತ್ತಾರೆ.

"ಬರ್ಲಿ ಸಾ, ಒಳ್ಳೇದೇಯ. ಡೀಸೆಲ್ ಎಷ್ಟ್ ಓಯ್ತು ಅಂತ ಅದು ನನ್ಗಿಂತ ಚೆನ್ನಾಗ್ ಯೋಳ್ತದೆ. ಒಬ್ಬ ಕದ್ದಿಲ್ಲ ಅನ್ನಾದ ಮಾತ್ರ ಅದು ಯೋಳಾಕಿಲ್ಲ. ಅದ ಯೋಳಕ್ಕೆ ಯಾರಾರ ಇರ್ಬೇಕು. ನಾನಿವ್ನಿ."